ಒಂದು ಗೋಲು ಸಾಕು ಅಂದುಕೊಂಡಿದ್ದೆವು

ನಮ್ಮದು ಮೊದಲು ಕಬಡ್ಡಿ ತಂಡ. ಫುಟ್‌ಬಾಲ್ ನಮಗೆ ಸಿಕ್ಕಿದ್ದು ಕಡೇಚೂರಿನಲ್ಲಿ. ಬಳಿಚಕ್ರದಿಂದ ನಾವು ಕೆಲವರು ಅಲ್ಲಿಯ ಫ್ಯಾಕ್ಟರಿಗೆ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದೆವು. ಪಾಳಿ ಮುಗಿದ ಮೇಲೆ ಬಂಗಾಳದ ಹುಡುಗರು ಹಿಂದಿನ ಬಯಲಲ್ಲಿ ಚೆಂಡು ಒದೆಯುತ್ತಿದ್ದರು. ಆಳು ಕಡಿಮೆ ಬಿದ್ದಾಗ ನಮ್ಮನ್ನು ಕರೆದರು. ಚೆಂಡಿಗೆ ಕೈ ಹಚ್ಚಬಾರದು ಅನ್ನುವುದನ್ನು ಕಲಿಯಲಿಕ್ಕೇ ನಮಗೆ ಬಹಳ ದಿನ ಹಿಡಿಯಿತು. ಆಮೇಲೆ ಅವರು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದರು, ಆಟ ನಮ್ಮಲ್ಲಿ ಉಳಿಯಿತು. ಕಬಡ್ಡಿಯ ಬನಿಯನ್ನೇ ಹಾಕಿಕೊಂಡು ನಮ್ಮದೂ ಒಂದು ಕ್ಲಬ್ ಅಂದೆವು. ಇತಿಹಾಸ ಅಷ್ಟೇ.

ಯಾದಗಿರಿ, ಶಹಾಪುರ, ಸುರಪುರ ಕಡೆಯ ಆರು ತಂಡ ಸೇರಿ ಲೀಗ್ ಮಾಡಿದಾಗ ನಾವೂ ಸೇರಿದೆವು. ಗೆದ್ದರೆ ಮೂರು ಪಾಯಿಂಟ್, ಸಮ ಆದರೆ ಒಂದು. ಕೊನೆಯ ಎರಡು ತಂಡ ಹೊರಗೆ, ಮುಂದಿನ ವರ್ಷ ಅವರ ಜಾಗಕ್ಕೆ ಹೊಸಬರು. ಇಬ್ಬರ ಪಾಯಿಂಟ್ ಒಂದೇ ಆದರೆ ಹೊಡೆದ ಗೋಲಿನಲ್ಲಿ ತಿಂದ ಗೋಲು ಕಳೆದು ನೋಡುತ್ತಾರೆ. ಇದನ್ನೆಲ್ಲ ಮೊದಲ ದಿನವೇ ಹೇಳಿದ್ದರು. ನಾವು ಹೂಂ ಅಂದು ಸುಮ್ಮನಾದೆವು.

ಕಬಡ್ಡಿಯಲ್ಲಿ ಒಂದು ಪಾಯಿಂಟಿನಿಂದ ಗೆದ್ದರೂ ಗೆದ್ದಂತೆಯೇ. ಮುಂದಿದ್ದ ತಂಡದವನು ರೈಡಿಗೆ ಹೋಗಿ ಗೆರೆ ತುಳಿದು, ಹೊತ್ತು ಕಳೆದು ವಾಪಸ್ ಬರುತ್ತಾನೆ. ಇಲ್ಲೂ ಅದನ್ನೇ ಮಾಡಿದೆವು. ನಮ್ಮದೊಂದು ಗೋಲು ಬಿತ್ತೆಂದರೆ ಸಾಕು, ಹನ್ನೊಂದೂ ಮಂದಿ ಬಂದು ನಮ್ಮ ಗೋಲಿನ ಮುಂದೆ ನಿಂತುಬಿಡುತ್ತಿದ್ದೆವು. ಗೆದ್ದದ್ದೆಲ್ಲ ಒಂದೇ ಗೋಲಿನಿಂದ, ಸೋತದ್ದೆಲ್ಲ ದೊಡ್ಡದಾಗಿ.

ಕೊನೆಯ ಆಟದ ಹೊತ್ತಿಗೆ ಸುರಪುರದ ತಂಡ ನಾಲ್ಕನೆಯದು, ನಾವು ಐದನೆಯದು, ಮೂರು ಪಾಯಿಂಟ್ ಕೆಳಗೆ. ಅವರ ಆಟವೆಲ್ಲ ಮುಗಿದಿತ್ತು. ನಮ್ಮ ಕ್ಯಾಪ್ಟನ್ ಅಂದರೆ ನಮ್ಮ ದೊಡ್ಡಪ್ಪನ ಮಗ. ಶಹಾಪುರದ ಮೈದಾನಕ್ಕೆ ಟೆಂಪೋದಲ್ಲಿ ಹೋಗುವಾಗ ಫೋನಿನಲ್ಲಿ ಬಂದ ಪಟ್ಟಿ ನೋಡಿ, ಬೆರಳು ಎಣಿಸಿ ಹೇಳಿದ: "ಬರೇ ಗೆದ್ರ ಆಗಂಗಿಲ್ಲ. ಪಾಯಿಂಟ್ ಸಮ ಆಗ್ತಾವ, ಗೋಲಿನ ಲೆಕ್ಕದಾಗ ಸುರಪುರದವ್ರು ಮುಂದ ಅದಾರ. ಮೂರು ಗೋಲಿಲೆ ಗೆಲ್ಲಬೇಕು. ಎರಡಾದ್ರ ನಾವು ಹೊರಗ."

ಎದುರಾಳಿ ಗೋಗಿ ತಂಡ. ನಮ್ಮಕ್ಕನನ್ನು ಕೊಟ್ಟ ಊರು ಅದು. ಅವರ ಗೋಲ್‌ಕೀಪರ್ ನಮ್ಮ ಭಾವ, ಅಕ್ಕನ ಗಂಡ. ನಮ್ಮ ಕಡೆ ಬೀಗರ ಮುಖ ಕೆಡಿಸುವಂತಿಲ್ಲ. ಅವರಿಗೆ ನಾವು ಮಾಡಿದ ಅವಮಾನ ತಿರುಗಿ ಬಂದು ಅಲ್ಲಿಗೆ ಕೊಟ್ಟ ಹೆಣ್ಣುಮಗಳಿಗೆ ತಟ್ಟುತ್ತದೆ. ಗೋಗಿಯವರು ಪಟ್ಟಿಯಲ್ಲಿ ಮೂರನೆಯವರು, ಸೋತರೂ ಅವರ ಜಾಗಕ್ಕೆ ಏನೂ ಆಗುತ್ತಿರಲಿಲ್ಲ. ಅವರಿಗಿದ್ದದ್ದು ಮರ್ಯಾದೆಯ ಚಿಂತೆ ಒಂದೇ.

ನಮ್ಮ ಮೊದಲ ಗೋಲು ಬೇಗ ಬಿತ್ತು. ತಕ್ಷಣ ಎಲ್ಲರೂ ಹಿಂದಕ್ಕೆ ಓಡಿ ಬಂದರು. ನಾನು ಬ್ಯಾಕ್ ಆಡುವವನು, ನನ್ನ ಸುತ್ತ ಜಾತ್ರೆಯ ಹಾಗೆ ನಿಂತರು. ಕ್ಯಾಪ್ಟನ್ ಬೈದು ಒಬ್ಬೊಬ್ಬರನ್ನೇ ಮುಂದಕ್ಕೆ ತಳ್ಳಿದ. ಅರ್ಧ ಆಟದ ಮೇಲೆ ಎರಡನೆಯದೂ ಬಿತ್ತು. ಮತ್ತೆ ಅದೇ ಕಥೆ. ಆಗ ನಮಗೆ ಒಂದು ಕಾರ್ನರ್, ಮೂಲೆಯಿಂದ ಒದೆಯುವ ಅವಕಾಶ, ಸಿಕ್ಕಿತು. ಇವರನ್ನು ನಂಬಿದರೆ ಆಗುವುದಿಲ್ಲ ಅಂತ ನಾನೇ ಮುಂದೆ ಹೋಗಿ ಭಾವನ ಎದುರಿಗೆ ನಿಂತೆ.

ಭಾವ ಮೆಲ್ಲಗೆ ಅಂದ: "ಸಾಕು ಬಿಡಲೇ. ನಮ್ಮೂರ ಮಂದಿ ನೋಡಾಕತ್ತಾರ. ಹೆಂಡ್ತಿ ತಮ್ಮಗ ಹೆದರ್ಯಾನ ಅಂತಾರ ನಾಳಿಗಿ."

"ಎರಡಕ್ಕ ನಿಂತ್ರ ನಾವು ಮುಂದಿನ ವರ್ಷ ಇರಂಗಿಲ್ರಿ ಭಾವಾ."

ಭಾವ ಕೈಗವಸು ಬಿಗಿ ಮಾಡಿಕೊಂಡ. "ಹಂಗಾದ್ರ ಹೊಡಿ. ಆದ್ರ ನಾ ಬಿಡ್ತೀನಿ ಅಂತ ತಿಳಕೋಬ್ಯಾಡ."

ಬಿಡಲಿಲ್ಲ. ಚೆಂಡು ಯಾರದೋ ತಲೆಗೆ ಬಡಿದು ನನ್ನ ಕಾಲಿಗೆ ಬಂತು, ಒದ್ದೆ. ಭಾವ ಅಡ್ಡ ಹಾರಿದ, ಬೆರಳೂ ತಾಗಿತು. ಆದರೂ ಚೆಂಡು ಒಳಗೆ ಹೋಯಿತು. ಆಮೇಲೆ ಗೋಗಿಯವರು ರೋಷಕ್ಕೆ ಬಿದ್ದು ಆಡಿದರು. ಭಾವನೂ ತನ್ನ ಗೋಲುಕಂಬ ಬಿಟ್ಟು ನಮ್ಮ ಗೋಲಿನ ಕಡೆ ಓಡಿ ಬಂದ. ಅವನಿಗೆ ಮೈ ಕೊಟ್ಟು ನಿಂತದ್ದು ನಾನೇ. ಸೀಟಿ ಊದುವ ತನಕ ಅವನನ್ನು ಒಳಗೆ ಬಿಡಲಿಲ್ಲ. ನಾವು ನಾಲ್ಕನೇ ಸ್ಥಾನಕ್ಕೆ ಬಂದೆವು. ಭಾವ ನನ್ನ ಜೊತೆ ಮಾತಾಡದೆ ಬೈಕ್ ಹತ್ತಿ ಹೋದ.

ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆತರಬೇಕು. ಹೋಗುವವನು ತಮ್ಮ, ಅಂದರೆ ನಾನು. ಗೋಗಿಗೆ ಹೋಗಿ ಹೊರಗೇ ನಿಂತೆ. ಅಕ್ಕ ಬಾಗಿಲಿಗೆ ಬಂದು ನಕ್ಕಳು. "ಬಾ ಒಳಗ. ಅವ್ರೇನು ಹೊಡಿಯಂಗಿಲ್ಲ."

ಭಾವ ಕಟ್ಟೆಯ ಮೇಲೆ ಕೂತಿದ್ದ. ನನಗೆ ನೀರು ಕೊಡಿಸಿದ. ಆಮೇಲೆ ಅಂದ: "ಉಳಕೊಂಡ್ರಿ ಅಂತ ಹಿಗ್ಗಬ್ಯಾಡ. ಮುಂದಿನ ವರ್ಷ ನಿಮ್ಮೂರ ಮಂದಿ ಎದುರಿಗೇ ನಿಮಗ ಗೋಲು ಹಾಕ್ತೀವಿ."

"ಬರ್ರಿ ಭಾವಾ," ಅಂದೆ. "ನಾವು ಇರ್ತೀವಿ."