ಹೊರಸಿನ ಬಸ್ಸು

ಆ ಬೇಸಿಗೆಯಲ್ಲಿ ನನ್ನ ಮಗಳು ದಿನಕ್ಕೆ ಹತ್ತು ಸಲ ಬಸ್ಸು ಕೆಡವುತ್ತಿದ್ದಳು. ಬಸ್ಸೆಂದರೆ ನಮ್ಮ ಮನೆಯ ನುಲಿ ಹೊರಸು, ಹಗ್ಗ ಹೆಣೆದ ಮಂಚ. ಓಣಿಯ ಮಕ್ಕಳನ್ನೆಲ್ಲ ಅದರ ಮೇಲೆ ಹೇರಿ, ಬಾಯಿಂದಲೇ ಹಾರನ್ ಹೊಡೆದು, ಒಂದು ಕಡೆಯಿಂದ ಎತ್ತಿ ಉರುಳಿಸುವುದು. ಮಕ್ಕಳು ಬಿದ್ದು ನಕ್ಕು ಮತ್ತೆ ಹತ್ತುತ್ತಿದ್ದರು. ನಾನೂ ರೊಟ್ಟಿ ಬಡಿಯುತ್ತ ನಗುತ್ತಿದ್ದೆ. ಹುಡುಗಿ ಆರಾಮಾದಳು ಅಂದುಕೊಂಡಿದ್ದೆ.

ಆಗಿರಲಿಲ್ಲ. ಹಿಂದಿನ ದೀಪಾವಳಿಗೆ ಜಾಲಹಳ್ಳಿಯ ತವರಿಗೆ ಹೊರಟಾಗ, ದೇವದುರ್ಗ ದಾಟಿದ ಮೇಲೆ ನಮ್ಮ ಬಸ್ಸು ಎಮ್ಮೆ ತಪ್ಪಿಸಲು ಹೋಗಿ ಶೇಂಗಾ ಹೊಲದಲ್ಲಿ ಅಡ್ಡ ಬಿದ್ದಿತ್ತು. ಯಾರೂ ಸಾಯಲಿಲ್ಲ. ಯಾರದೋ ಬುಟ್ಟಿಯ ಕೋಳಿ ನನ್ನ ತಲೆಯ ಮೇಲೆ ಕೂತಿತ್ತು, ಅದನ್ನು ಹೇಳಿ ಊರೆಲ್ಲ ನಗಿಸಿದೆ. ಹುಡುಗಿ ಮಾತ್ರ ಮತ್ತೆ ಬಸ್ಸು ಹತ್ತಲಿಲ್ಲ. ಮಲ್ಲಟದ ಹತ್ತಿರದ ನಮ್ಮೂರಲ್ಲಿ ಶಾಲೆ ಏಳನೆಯದಕ್ಕೆ ಮುಗಿಯುತ್ತಿತ್ತು. ಅವಳು ಅದನ್ನು ಮುಗಿಸಿದ್ದಳು, ಮುಂದೆ ಓದಬೇಕೆಂದರೆ ದಿನಾ ಬಸ್ಸಿನಲ್ಲಿ ಮಾನ್ವಿಗೆ ಹೋಗಬೇಕು.

“ಬಸ್ ಹತ್ತದಾಕಿ ಹೈಸ್ಕೂಲಿಗೆ ಹಾರ್ಕೊಂಡು ಹೋಗ್ತಾಳೇನು? ಸಾಲಿ ಬಿಡಿಸ್ರಿ,” ಅಂದರು ನನ್ನ ಮಾವ, ಹುಡುಗಿಯ ಮುತ್ಯಾ. ನಾನು ಎರಡನೆಯದಕ್ಕೇ ಬಿಟ್ಟವಳು. ಮನೆಯಲ್ಲಿ ಅಂಥವಳು ಒಬ್ಬಳು ಸಾಕಿತ್ತು.

ಪಕ್ಕದ ಮನೆಯ ಖಾಲಾ ಪಟಿಕದ ಹರಳು ತಂದು, ಅಂಜಿಕೆ ಬಿಡಲೆಂದು ಹುಡುಗಿಗೆ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಹರಳು ಉಬ್ಬಿದಾಗ ಅಂಜಿಸಿದ್ದು ಏನೋ ಅದರ ಆಕಾರ ಕಾಣುತ್ತದಂತೆ. ಖಾಲಾಗೆ ಎಮ್ಮೆ ಕಂಡಿತು. ನನಗೆ ಡ್ರೈವರ್ ಕಂಡ. ಹುಡುಗಿ ಬಗ್ಗಿ ನೋಡಿ, “ಮುತ್ಯಾನ ಮೂಗು ಅದ,” ಅಂದಳು.

ಕೊನೆಗೆ ಅಕ್ಕಿ ಗಿರಣಿಯ ಲಾರಿಯಲ್ಲಿ, ಚೀಲಗಳ ಮೇಲೆ ಕೂತು ರಾಯಚೂರಿನ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಹುಡುಗಿ ಹಾಡು ಹೇಳಿದಳು.

“ಲಾರಿಗೆ ಹೆದರಲಿಲ್ಲವಾ?” ಅಂತ ಡಾಕ್ಟರಮ್ಮ ಹುಡುಗಿಯನ್ನು ಕೇಳಿದರು. ಅವರು ಬೆಂಗಳೂರು ಕಡೆಯವರು.

“ಇಲ್ರಿ, ಆಕಿ ಬಾಳ ಗಟ್ಟಿ,” ಅಂದೆ ನಾನು.

“ನಿದ್ದೆ ಬರುತ್ತಾ?”

“ಕಲ್ಲಿನಂಗ ಮಲಗ್ತಾಳ್ರಿ.”

“ಅಮ್ಮಾ, ನಿಮ್ಮ ಬಾಯಿಗೆ ಸ್ವಲ್ಪ ಹೊತ್ತು ರಜೆ ಕೊಡಿ.”

ಕೊಟ್ಟೆ. ಡಾಕ್ಟರಮ್ಮ ಒಂದೊಂದೇ ಕೇಳಿದರು. ಕನಸು ಬೀಳುತ್ತವಾ, ಸದ್ದಾದರೆ ಬೆಚ್ಚುತ್ತೀಯಾ, ಬಿದ್ದದ್ದು ಬೇಡವೆಂದರೂ ನೆನಪಾಗುತ್ತದಾ. ಪ್ರತಿಯೊಂದಕ್ಕೂ ‘ಇಲ್ಲ, ಆಗಾಗ, ದಿನಾಲೂ’, ಮೂರರಲ್ಲಿ ಒಂದು ಹೇಳಬೇಕು. ಹುಡುಗಿ ನೆಲ ನೋಡುತ್ತ, “ದಿನಾಲೂ,” ಅಂದಳು. ಮತ್ತೆ, “ದಿನಾಲೂ.” ಅವಳ ಪಕ್ಕದಲ್ಲೇ ಮಲಗುವ ನನಗೆ ಇದು ಗೊತ್ತಿರಲಿಲ್ಲ.

ಆಟದ ವಿಷಯ ಬಂದಾಗ ತಡೆಯಲಾಗದೆ ನಾನೇ ಹೊರಸಿನ ಕಥೆ ಹೇಳಿ ನಕ್ಕೆ. ಡಾಕ್ಟರಮ್ಮ ನಗಲಿಲ್ಲ. “ಆ ಬಸ್ಸು ಯಾವತ್ತಾದರೂ ಊರು ಮುಟ್ಟುತ್ತಾ?”

“ಇಲ್ರಿ. ಬೀಳೂದೇ.”

“ಹಾಗಾದರೆ ನೀವೂ ಹತ್ತಿ. ಬಿದ್ದ ಮೇಲೆ ಏನಾಗುತ್ತೆ ಅಂತ ಅವಳನ್ನೇ ಕೇಳಿ. ಬಲವಂತ ಮಾಡಬೇಡಿ. ತಿಂಗಳು ಬಿಟ್ಟು ಮತ್ತೆ ಕರೆದುಕೊಂಡು ಬನ್ನಿ.”

ಇದಕ್ಕೆ ಇಷ್ಟು ದೂರ ಬರಬೇಕಿತ್ತೇ ಅನ್ನಿಸಿತು. ಆದರೂ ಮರುದಿನ ಸೆರಗು ಸಿಕ್ಕಿಸಿ ಹೊರಸು ಹತ್ತಿದೆ. ಖಾಲಾ ತಾನೂ ಬರುತ್ತೇನೆಂದು ಹತ್ತಿದಳು. ಅವಳದು ಗಟ್ಟಿ ಶರೀರ. ಉರುಳಿಸಲು ನಾಲ್ಕು ಮಕ್ಕಳು ಕೈ ಹಚ್ಚಬೇಕಾಯಿತು. ಬಿದ್ದೆವು. ಖಾಲಾ ನನ್ನ ಮೇಲೆಯೇ ಬಿದ್ದಳು.

“ಬಿದ್ದಿವಿ. ಮುಂದೇನು ಬೇ?” ಅಂತ ಕೇಳಿದೆ. ಮುಂದಿನದು ಹುಡುಗಿಯ ಆಟದಲ್ಲಿ ಇರಲೇ ಇಲ್ಲ.

ಖಾಲಾ ಬಿದ್ದಲ್ಲಿಂದಲೇ ಕೈ ಎತ್ತಿದಳು. “ಏ ಬೇಟಿ, ನನ್ನ ಟಿಕೆಟ್ ಜಾಲಹಳ್ಳಿ ತನಕ ಅದ. ನಡು ಹಾದ್ಯಾಗ ಒಗದ್ರ ಹ್ಯಾಂಗ? ನಿನ್ನ ಡಿಪೋ ಸಾಹೇಬ್ರಿಗೆ ಹೇಳ್ತೀನಿ ನೋಡು.”

ಹುಡುಗಿಗೆ ನಗು ಉಕ್ಕಿತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆ ನೀರು ಬಹಳ ಹೊತ್ತು ಹರಿಯುತ್ತಲೇ ಇತ್ತು. ಆಮೇಲೆ ಮೂಗೊರೆಸಿಕೊಂಡು ಹೊರಸು ನೆಟ್ಟಗೆ ಮಾಡಿದಳು. “ಹತ್ರಿ, ಹತ್ರಿ. ಜಾಲಹಳ್ಳಿ, ಜಾಲಹಳ್ಳಿ.” ಅವತ್ತು ಎಲ್ಲರೂ ಊರು ಮುಟ್ಟಿ ಇಳಿದೆವು. ಮತ್ತೆ ಎಷ್ಟೋ ದಿನ ಬೀಳುವುದೂ ಇತ್ತು, ಮುಟ್ಟುವುದೂ ಇತ್ತು. ತಿಂಗಳಾದ ಮೇಲೆ ಲಾರಿಯಲ್ಲೇ ಡಾಕ್ಟರಮ್ಮನ ಹತ್ತಿರ ಮತ್ತೊಮ್ಮೆ ಹೋಗಿಬಂದೆವು.

ಶಾಲೆ ಶುರುವಾದ ದಿನ ಮಾನ್ವಿ ಬಸ್ಸಿಗೆ ಅವಳ ಜೊತೆ ನಾನೂ ಹತ್ತಿದೆ. ತಿರುವಿನಲ್ಲಿ ಬಸ್ಸು ವಾಲಿತು. ಕಿರುಚಿದವಳು ನಾನು. ಎಲ್ಲರೂ ತಿರುಗಿ ನೋಡಿದರು.

“ಯವ್ವಾ, ಕನಸು ಬೀಳ್ತಾವೇನು?” ಅಂತ ಕೇಳಿದಳು ಮಗಳು.

“ಸುಮ್ಮ ಕೂಡು.”

“ಇಲ್ಲ, ಆಗಾಗ, ದಿನಾಲೂ. ಒಂದು ಹೇಳು.”

“ಆಗಾಗ,” ಅಂದೆ.

ಮಾನ್ವಿಯಲ್ಲಿ ಅವಳು ಜಿಗಿದು ಇಳಿದಳು. ಕಂಬಿಯಿಂದ ಕೈ ಬಿಡಿಸಲು ನನಗೇ ಹೊತ್ತು ಹಿಡಿಯಿತು.