ಹನ್ನಮ್ಮನ ಶುಕ್ರವಾರ

ಶುಕ್ರವಾರ ಮುಸ್ಸಂಜೆ ಹಚ್ಚಿದ ದೀಪವನ್ನು ಉಫ್ ಎಂದು ಊದಿ ಆರಿಸುವ ಹೆಂಗಸು ನಮ್ಮ ಹೊಸಕೋಟೆಯಲ್ಲಿದ್ದಾಳೆಂದು ಯಾರಾದರೂ ಹೇಳಿದರೆ ನಾನಂತೂ ನಂಬುವವಳಲ್ಲ. ಎಣ್ಣೆ ತೀರಿ ಅದು ತಾನಾಗಿ ಶಾಂತವಾಗಬೇಕು. ಅಲ್ಲಿಯವರೆಗೆ ಬತ್ತಿಯ ತಂಟೆಗೆ ಹೋಗಬಾರದು. ಇದಕ್ಕೆ ಶಾಸ್ತ್ರಾಧಾರ ಕೇಳಬೇಡಿ. ನಮ್ಮತ್ತೆ ಹೇಳಿದ್ದರು, ಮುಗಿಯಿತು. ಹೀಗಿರುವಾಗ, ಏಳು ಸಮುದ್ರದಾಚೆಯ ವಿಯೆನ್ನಾದಿಂದ ಬಂದ ಹೆಂಗಸೊಬ್ಬಳಿಗೂ ಇದೇ ಶುಕ್ರವಾರ, ಇದೇ ಮುಸ್ಸಂಜೆ, ಇದೇ ಹಟ ಇರಬಹುದೆಂದು ನಾನು ಹೇಗೆ ಊಹಿಸಲಿ, ನೀವೇ ಹೇಳಿ.

ಯುದ್ಧದ ಕಾಲ. ನಮ್ಮ ಪಕ್ಕದ ಮನೆಗೆ ಡಾಕ್ಟರೊಬ್ಬರೂ ಅವರ ಹೆಂಡತಿ ಹನ್ನಾ ಎಂಬಾಕೆಯೂ ಬಾಡಿಗೆಗೆ ಬಂದರು. ಊರು ಆಕೆಯನ್ನು ಬಂದ ಕೂಡಲೇ ಹನ್ನಮ್ಮನನ್ನಾಗಿ ಮಾಡಿಕೊಂಡಿತು. ಯೆಹೂದ್ಯರೆಂದು ಅಲ್ಲಿಯವರು ಅವರನ್ನು ಓಡಿಸಿದ್ದರು. ಅಲ್ಲಿಯ ಕಾಗದಪತ್ರ ಹಿಡಿದು ಬಂದವರೆಂದು ಇಲ್ಲಿಯವರು ಶತ್ರುದೇಶದ ಪ್ರಜೆಗಳ ಶಿಬಿರದಲ್ಲಿ ಕೂಡಿಹಾಕಿದ್ದರು. ಈಗ ಬಿಟ್ಟಿದ್ದರೂ ಡಾಕ್ಟರು ವಾರಕ್ಕೊಮ್ಮೆ ಠಾಣೆಗೆ ಹೋಗಿ ಮುಖ ತೋರಿಸಬೇಕಿತ್ತು. ಒಂದೇ ಒಂದು ದೂರು ಬಂದರೂ ಮತ್ತೆ ಶಿಬಿರವೇ ಗತಿ. ನಂದಗುಡಿಯಿಂದ ಗಾಡಿ ಕಟ್ಟಿಕೊಂಡು ಬಂದು ಔಷಧ ಒಯ್ಯುವವರಿಗೆ ಈ ಸಂಗತಿಯೊಂದೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ದೀಪ ಕಾಣಬಾರದೆಂಬ ಹುಕುಂ ಬಂತು. ಬೆಂಗಳೂರಿನ ವಿಮಾನ ಕಾರ್ಖಾನೆಯ ಮೇಲೆ ಬಾಂಬು ಬಿದ್ದೀತೆಂಬ ಹೆದರಿಕೆ. ಸೀಟಿ ಊದಿದೊಡನೆ ಸುತ್ತಲ ಊರುಗಳೆಲ್ಲ ಕತ್ತಲಾಗಬೇಕು. ಆ ಸೀಟಿ ಮೊದಲು ಕೇಳಿಸಿದ್ದು, ಗ್ರಹಚಾರ, ಒಂದು ಶುಕ್ರವಾರದ ಸಂಜೆಯೇ. ಕಿಟಕಿಯಿಲ್ಲದ ನಮ್ಮ ದೇವರ ಕೋಣೆಯ ಬಾಗಿಲೆಳೆದು, ದೀಪವೂ ಉಳಿಯಿತು ಸರ್ಕಾರವೂ ಉಳಿಯಿತೆಂದುಕೊಂಡು ಹಿತ್ತಿಲಿಗೆ ಬಂದರೆ ಬೇಲಿಯಾಚೆ ಡಾಕ್ಟರು ನಿಂತಿದ್ದರು.

“ಅಮ್ಮಾ, ನಮ್ಮ ಮನೆಯಲ್ಲಿ ದೀಪ ಉರಿಯುತ್ತಾ ಇದೆ,” ಎಂದರು.

“ಉರೀಲಿ ಬಿಡಿ ಸ್ವಾಮಿ, ಶುಕ್ರವಾರ ಅಲ್ವೇ, ಒಳ್ಳೇದೇ,” ಎಂದೆ.

ಅವರು ಕದಲಲಿಲ್ಲ. ಹಣೆ ಬೆವರುತ್ತಿತ್ತು. ಆಮೇಲಲ್ಲವೇ ನನಗೆ ತಿಳಿದದ್ದು: ಶುಕ್ರವಾರ ಹೊತ್ತು ಮುಳುಗಿದ ಮೇಲೆ ಮಾರನೆಯ ದಿನ ಕತ್ತಲಾಗುವವರೆಗೂ ಅವರು ಬೆಂಕಿ ಹೊತ್ತಿಸುವಂತಿಲ್ಲ, ಆರಿಸುವಂತಿಲ್ಲ, ಆರಿಸೆಂದು ಪರರಿಗೆ ಹೇಳುವಂತೆಯೂ ಇಲ್ಲ, ಕಂಡವರು ತಾವಾಗಿ ಅರಿತು ಆರಿಸಿದರೆ ನಡೆದೀತು. ಪಾಪ, ಆ ಮನುಷ್ಯ ಸೂಚನೆ ಕೊಡುತ್ತಿದ್ದರೆ ನಾನು ಶುಭ ಹಾರೈಸುತ್ತಿದ್ದೆ!

ಅದೇ ಹೊತ್ತಿಗೆ ಅವರ ಮನೆಯ ಬೀದಿ ಬಾಗಿಲಲ್ಲಿ ಠಾಣೆಯ ದಫೇದಾರ್ ರಸೂಲ್ ಸಾಬರ ದನಿ ಕೇಳಿಸಿತು. ನಾವು ಒಳಗೆ ಹೋಗುವಷ್ಟರಲ್ಲಿ ಅವರು ನಡುಮನೆಯಲ್ಲಿದ್ದರು. ಹನ್ನಮ್ಮ ಎರಡು ಹಿತ್ತಾಳೆ ದೀಪಗಳಿಗೆ ಅಡ್ಡವಾಗಿ ನಿಂತಿದ್ದಳು. ಜೀವಕ್ಕೆ ಅಪಾಯವಿದ್ದರೆ ಆರಿಸಬಹುದೆಂದು ತಮ್ಮ ಧರ್ಮವೇ ಹೇಳುತ್ತದೆಂದು ಡಾಕ್ಟರು ಹೆಂಡತಿಯನ್ನು ಬೇಡಿಕೊಂಡರು.

“ಇದು ಅಪಾಯ ಅಲ್ಲ, ಬರೀ ಭಯ,” ಎಂದಳು ಆಕೆ ತನ್ನ ಹರಕುಮುರುಕು ಕನ್ನಡದಲ್ಲಿ. “ಅಲ್ಲಿ, ವಿಯೆನ್ನಾದಲ್ಲಿ, ಸಿಪಾಯಿ ಬಂದು ಆರಿಸಿದ. ಇಲ್ಲಿಯೂ?”

“ನಾನೇನ್ ಮಾಡ್ಲಿ ತಾಯೀ? ಅಮಲ್ದಾರ್ರು ಬರ್ತಾ ಅವ್ರೆ. ಬೆಳಕು ಕಂಡ್ರೆ ಡಾಕ್ಟ್ರನ್ನ ಒಳಗೆ ಹಾಕ್ತಾರೆ, ನನ್ನ ಕೆಲ್ಸ ಬಿಡಿಸಿ ಮನೇಗೆ ಕಳಿಸ್ತಾರೆ,” ಎಂದು ರಸೂಲ್ ಸಾಬರು ನನ್ನತ್ತ ತಿರುಗಿದರು. ಡಾಕ್ಟರೂ ತಿರುಗಿದರು.

“ನನ್ನ ಮುಖ ಏನ್ ನೋಡ್ತೀರಿ? ಶುಕ್ರವಾರ ಇನ್ನೊಬ್ಬ ಮುತ್ತೈದೆ ಮನೆ ದೀಪ ಆರಿಸೋ ಪಾಪಿ ನಾನಲ್ಲ!” ಎಂದು ರೇಗಿದೆ.

ರೇಗಿದ ಮೇಲೆ ಬುದ್ಧಿ ಓಡಿತು. ನಮ್ಮ ಮನೆಯ ಕಂಬಳಿಗಳನ್ನೆಲ್ಲ ಹೊತ್ತು ತಂದು ಕಿಟಕಿಗೆ, ಬಾಗಿಲಿಗೆ, ಗವಾಕ್ಷಿಗೆ ಜಡಿದೆ. ಗೆದ್ದೆನೆಂದು ಹೊರಗೆ ಬಂದು ನೋಡಿದರೆ, ಅಯ್ಯೋ, ಮಾಡಿನಲ್ಲಿ ಒಡೆದ ಹೆಂಚೊಂದರಿಂದ ಬೆಳಕು ನೇರ ಆಕಾಶಕ್ಕೇ ಹೋಗುತ್ತಿತ್ತು. ವಿಮಾನದವನಿಗೆ ಬೇಕಾದ್ದೂ ಅದೇ ತಾನೆ. ರಸೂಲ್ ಸಾಬರೂ ತಲೆಯೆತ್ತಿ ನೋಡಿದರು. ಅಮಲ್ದಾರರ ಜಟಕಾ ಬಂದು ನಿಂತು, ಎಲ್ಲ ಸರಿಯಾಗಿದೆಯೇ ಎಂದು ಒಳಗಿಂದ ದನಿ ಕೇಳಿದಾಗ, ದಫೇದಾರರು “ಎಲ್ಲಾ ಕತ್ಲು, ಸ್ವಾಮಿ,” ಎಂದುಬಿಟ್ಟರು. ಜಟಕಾ ಮುಂದೆ ಹೋಯಿತು.

ಸುದ್ದಿ ಬೆಂಗಳೂರು ಮುಟ್ಟಿತು. ಅಲ್ಲಿದ್ದ ಬೆರಳೆಣಿಕೆಯ ಯೆಹೂದ್ಯರಲ್ಲಿ ವಾದಕ್ಕೇನೂ ಬರವಿರಲಿಲ್ಲ. ಭಾನುವಾರ ಅಲ್ಲಿಯ ದಂಡುಪ್ರದೇಶದ ಇಬ್ಬರು ಹಿರಿಯ ವರ್ತಕರು, ಕನ್ನಡ ಬಲ್ಲವರು, ಬಂದು ಡಾಕ್ಟರ ಜಗಲಿಯಲ್ಲಿ ಕೂತರು. ಗಂಡನನ್ನು ಅಪಾಯಕ್ಕೊಡ್ಡಿ ದೀಪ ಉಳಿಸಿದ್ದು ಪುಣ್ಯವಲ್ಲ, ಪಾಪ ಎಂದರು ಒಬ್ಬರು. ಬೆಳಕು ಹೊರಗೆ ಕಾಣದಿದ್ದ ಮೇಲೆ ಅಪಾಯವೆಲ್ಲಿ ಬಂತೆಂದರು ಇನ್ನೊಬ್ಬರು. ನಮ್ಮ ವೈದಿಕರು ಕೂತರೂ ಹೀಗೆಯೇ ವಾದಿಸುತ್ತಿದ್ದರೆಂದು ನಗುತ್ತ ನಾನು ಕಾಫಿ ಕೊಟ್ಟೆ. ನಗದವಳು ಹನ್ನಮ್ಮ ಒಬ್ಬಳೇ. ಆ ದೀಪಕ್ಕಾಗಿ ತಾನು ಪಾಪಿಯಾದೆನೇ ಎಂಬುದು ಆಕೆಗೆ ತಿಳಿಯಬೇಕಿತ್ತು. ಕೊನೆಗೆ ರಸೂಲ್ ಸಾಬರನ್ನೇ ಕರೆಸಿ, ಅಂಗಳದಲ್ಲಿ ನಿಲ್ಲಿಸಿ ಕೇಳಿದರು: ಬೆಳಕು ಹೊರಗೆ ಕಾಣಿಸಿತೇ?

ರಸೂಲ್ ಸಾಬರು ಹನ್ನಮ್ಮನ ಮುಖ ನೋಡಿದರು. “ಇಲ್ಲ, ಸಾಮಿ.”

ಇದೊಂದು ಮಾತಿನಿಂದ ಆಕೆ ಗೆದ್ದಿದ್ದಳು. ಸುಮ್ಮನಿರಬಹುದಿತ್ತು.

“ಸುಳ್ಳು ಬೇಡ, ರಸೂಲ್ ಸಾಬ್,” ಎಂದಳು. “ಹೆಂಚು ಒಡೆದಿದೆ, ನನಗೆ ಗೊತ್ತು. ಬೆಳಕು ಕಾಣಿಸಿತು. ನೀವು ನೋಡಿದಿರಿ. ಆದರೂ ಆರಿಸಲಿಲ್ಲ.” ಅಷ್ಟು ಹೇಳಿ, ಗೌನು ತೊಟ್ಟ, ಸೆರಗಿಲ್ಲದ ಹೆಂಗಸು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಅತ್ತಳು.

ಪಾಪವೆಂದು ವಾದಿಸುತ್ತಿದ್ದ ಹಿರಿಯರು ಪಕ್ಕಕ್ಕೆ ಸರಿದು, ಅಂಗಳದಲ್ಲಿ ನಿಂತೇ ಇದ್ದ ದಫೇದಾರರಿಗೆ ಜಗಲಿಯ ಮೇಲೆ ಜಾಗ ಮಾಡಿಕೊಟ್ಟರು.