ಪ್ರಲ್ಹಾದರಾಯರ ಗೇಟಿಗೆ ಬಂದ ಗೊರವಯ್ಯ

ನಿವೃತ್ತರಾದ ಮೇಲೆ ಕೆಲವರು ಕಾಶಿಗೆ ಹೋಗುತ್ತಾರೆ. ಪ್ರಲ್ಹಾದರಾಯರು ಮೊಬೈಲ್ ಅಂಗಡಿಗೆ ಹೋದರು.

ಮೂಲ ಗೋಕಾಕದ ಕಡೆಯವರಾದರೂ ಹುಟ್ಟಿ ಬೆಳೆದದ್ದೆಲ್ಲ ಪುಣೆಯಲ್ಲೇ. ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ, ಕಾರ್ಬನ್ ಹಾಳೆ ಇಟ್ಟು ಬರೆದು ಬರೆದು ಬೆರಳು ನೀಲಿ ಮಾಡಿಕೊಂಡವರು. ಅದಕ್ಕೇ ಇರಬೇಕು, ಇನ್ನು ಮುಂದೆ ಮನೆಯಲ್ಲಿ ಯಾವುದನ್ನೂ ಕೈಯಿಂದ ಮುಟ್ಟಬಾರದು ಎಂಬ ಹಂಬಲ ಹುಟ್ಟಿತು. ಪುಣೆಯ ಕೊಂಢವಾ ಬಡಾವಣೆಯಲ್ಲಿದ್ದ ಅವರ ಮನೆಗೆ ಮಾತು ಕೇಳುವ ದೀಪ ಬಂತು, ಬಾಗಿಲಲ್ಲಿ ನಿಂತವರ ಮುಖ ತೋರಿಸುವ ಗಂಟೆ ಬಂತು. ಹೊಸ ಗೀಜರಿಗಂತೂ ಇಂಟರ್ನೆಟ್ ಇಲ್ಲದ ದಿನ ನೀರು ಕಾಯಿಸಲು ಮನಸ್ಸೇ ಆಗುತ್ತಿರಲಿಲ್ಲ. ಅಂಥ ದಿನ ರಾಯರು ತಣ್ಣೀರು ಸುರಿದುಕೊಂಡು, ಹಲ್ಲು ಕಟಕಟಿಸುತ್ತ ಹೊರಗೆ ಬಂದು, "ತಣ್ಣೀರು ಆರೋಗ್ಯಕ್ಕ ಭಾಳ ಚಲೋ" ಎನ್ನುವರು.

"ಗೀಜರ್ ತರೂಕಿಂತ ಮೊದಲ ಈ ಆರೋಗ್ಯ ಪುಕಟ ಸಿಗತಿತ್ತಲ್ರಿ" ಎಂದು ಅವರ ಹೆಂಡತಿ ಸುಲಭಾಬಾಯಿ ಒಲೆಯ ಮೇಲೆ ತಮ್ಮ ಪಾಲಿನ ನೀರಿಡುವರು.

ಮನೆ ತುಂಬಿದ ಮೇಲೆ ರಾಯರ ಕಣ್ಣು ಗೇಟಿನ ಮೇಲೆ ಬಿತ್ತು. ಅಪಾರ್ಟ್ಮೆಂಟಿನ ಸೊಸಾಯಿಟಿಯ ಸಭೆಯಲ್ಲಿ ಹಠ ಹಿಡಿದು ಗೇಟಿಗೊಂದು ಆ್ಯಪ್ ತರಿಸಿದರು. ಬಂದವರ ಹೆಸರು, ನಂಬರು, ಫೋಟೊ ತೆಗೆದು ಕಾವಲುಗಾರ ಮೇಲಕ್ಕೆ ಕಳಿಸಬೇಕು. ಮನೆಯವರು ಫೋನಿನಲ್ಲಿ ಹಸಿರು ಒತ್ತಿದರೆ ಒಳಗೆ, ಕೆಂಪು ಒತ್ತಿದರೆ ಹೊರಗೆ. ಅಲ್ಲಿ ವಾಸಿಸುವವರಾದರೂ ಫೋನಿನ ಕೋಡು ತೋರಿಸಿಯೇ ಬರಬೇಕು. "ಮುಖ ಪರಿಚಯ ಅದ ಅಂತ ಬಿಡೂದೇ ದೊಡ್ಡ ತಪ್ಪು" ಎಂದು ನೋಟೀಸು ಬರೆದವರೂ ಅವರೇ. ಕಾವಲುಗಾರ ಅಂಬಾದಾಸ ಅದನ್ನು ತನ್ನ ಕೋಣೆಯ ಗೋಡೆಗೆ, ವಿಠ್ಠಲನ ಪಟದ ಪಕ್ಕಕ್ಕೇ ಅಂಟಿಸಿದ್ದ.

ಹೀಗಿರುವಾಗ ಮಾರ್ಗಶಿರದ ಚಂಪಾಷಷ್ಠಿ ಬಂತು. ರಾಯರ ಮನೆದೇವರು ಜೇಜುರಿಯ ಖಂಡೋಬ. ಊರ ಕಡೆಯವರ ಬಾಯಲ್ಲಿ ಮೈಲಾರಲಿಂಗ, ಮಲ್ಲಯ್ಯ. ಪಾಡ್ಯದಿಂದ ಸುಲಭಾಬಾಯಿಗೆ ಹಾಲು, ಹಣ್ಣು ಅಷ್ಟೇ. ಷಷ್ಠಿಯ ದಿನ ಜೇಜುರಿಗೆ ಹೊರಟ ಗೊರವಯ್ಯ ಒಬ್ಬ ಕರಿಕಂಬಳಿ ಹೊದ್ದು, ಡಮರುಗ ಬಾರಿಸುತ್ತ ಬರುತ್ತಾನೆ. ಅವನ ಭಿಕ್ಷಾಪಾತ್ರೆಯಾದ ದೋಣಿಯನ್ನು ತುಂಬಿಸಿದ ಮೇಲೆಯೇ ಅವರ ಊಟ. ಆ ದಿನ ಬಂದವನನ್ನು ಯಾರು, ಎಲ್ಲಿಯವನು ಎಂದು ಕೇಳಬಾರದು, ಬಂದವನು ಮಲ್ಲಯ್ಯನೇ. ದೋಣಿ ಬರಿದಾಗಿ ತಿರುಗಿದರೆ ಮನೆ ಬರಿದಾದಂತೆ ಎಂದು ಅತ್ತೆ ಹೇಳಿಕೊಟ್ಟಿದ್ದರು. ಈವರೆಗೆ ತಿರುಗಿರಲಿಲ್ಲ.

ಬದನೆಕಾಯಿ ಭರ್ತ, ಸಜ್ಜಿ ರೊಟ್ಟಿ, ಬಾಳೆಹಣ್ಣು, ಹಾಲು, ಬೆಲ್ಲ ಎಲ್ಲ ಸಿದ್ಧವಾಗಿತ್ತು. ಕೆಳಗೆ ಡಮರುಗದ ಸದ್ದು ಕೇಳಿತು. ಆಮೇಲೆ ನಿಂತಿತು. ಸ್ವಲ್ಪ ಹೊತ್ತಿಗೆ ಅಂಬಾದಾಸನ ಫೋನು ಬಂತು.

"ಸಾಹೇಬ, ಒಬ್ಬರು ಬಂದಾರ. ಹೆಸರು ಹೇಳವಲ್ಲರು" ಎಂದ ಅವನು, ಮರಾಠಿಯಲ್ಲಿ. "ಫೋಟೊ ತೆಗೆದರ, ಮುಖದ ತುಂಬ ಭಂಡಾರದ ಅರಿಷಿಣ ಅದ, ಮಾಸ್ಕ್ ತೆಗೀರಿ ಅಂತದ ಮಷಿನ್ನು."

"ನಂಬರ್ ಕೇಳು."

ಅತ್ತ ಗೊರವಯ್ಯನ ದನಿ ನಿಧಾನವಾಗಿ ಕೇಳಿಸಿತು: "ಫೋನ್ ಅದ ತಮ್ಮಾ. ಆದರ ಅದು ನಂದು. ಇವತ್ತ ನಾ ನನ್ನಾವಲ್ಲ."

ಕೊಡಲು ಯಾವುದೋ ಹೆಸರು ಕೊಡಬಹುದಿತ್ತು. ಆದರೆ ನಿಯಮ ಬರೆದ ಕೈ, ಸುಳ್ಳು ಹೆಸರಿಗೆ ಒಪ್ಪಲಿಲ್ಲ. ರಾಯರು 'ಮಲ್ಲಯ್ಯ' ಎಂದು ಬರೆಸಿ ತಮ್ಮದೇ ನಂಬರು ಕೊಟ್ಟರು. ತಮ್ಮ ಮನೆಗೆ ತಾವೇ ಅತಿಥಿಯಾಗಿ ಬರಲಾಗದು ಎಂದು ಆ್ಯಪ್ ತಿಳಿಸಿತು. ಡೆಲಿವರಿ ಎಂದು ಹಾಕಿಸಿದರು. ಯಾವ ಕಂಪನಿ ಎಂದು ಕೇಳಿತು. ಮೊದಲಿಂದ ಮಾಡೋಣ ಎಂದು ಅವಸರದಲ್ಲಿ ಹೆಬ್ಬೆರಳು ಒತ್ತಿದರು. ಕೆಂಪು. 'ಭೇಟಿಗೆ ಬಂದವರನ್ನು ನಿರಾಕರಿಸಲಾಗಿದೆ. ನಿಮ್ಮ ಕುಟುಂಬ ಸುರಕ್ಷಿತವಾಗಿದೆ' ಎಂದಿತು ಪರದೆ.

"ಏನಾತ್ರಿ?" ಎಂದರು ಸುಲಭಾಬಾಯಿ.

"ಏನಿಲ್ಲ. ಸ್ವಲ್ಪ ಟೆಕ್ನಿಕಲ್."

ಸುಲಭಾಬಾಯಿ ಕಿಟಕಿಯಿಂದ ಇಣುಕಿದರು. ಕರಿಕಂಬಳಿ ರಿಕ್ಷಾ ಸ್ಟ್ಯಾಂಡಿನ ಕಡೆ ಹೋಗುತ್ತಿತ್ತು. ತಾಟು, ಹಾಲಿನ ತಂಬಿಗೆ ಎತ್ತಿಕೊಂಡು ಮೆಟ್ಟಿಲಿಳಿದರು. ರಾಯರು ಚಪ್ಪಲಿಯನ್ನೂ ಮೆಟ್ಟದೆ ಹಿಂದೆಯೇ ಓಡಿ, ಗೇಟು ದಾಟಿ, ರಿಕ್ಷಾಗಳ ನಡುವೆ ಗೊರವಯ್ಯನನ್ನು ಅಡ್ಡಗಟ್ಟಿದರು.

"ತಿರುಗಿ ಬರ್ರಿ, ತಪ್ಪಾತು."

"ಒಲ್ಲೆ ಅಂದ ಮನಿಗೆ ದೋಣಿ ತಿರುಗೂದಿಲ್ರಿ, ಯಜಮಾನ್ರ."

"ಒಲ್ಲೆ ಅಂದದ್ದು ನಾನಲ್ರಿ, ಫೋನು."

"ಫೋನು ಯಾರದ್ರಿ?"

ರಾಯರು ಕೈ ಮುಗಿದರು. ಅಷ್ಟರಲ್ಲಿ ಸುಲಭಾಬಾಯಿ ಏದುಸಿರು ಬಿಡುತ್ತ ಬಂದು ಮುಟ್ಟಿದರು.

"ನೀವು ಮನಿಗೆ ಬರಬ್ಯಾಡ್ರಿ. ಮನಿನ ಇಲ್ಲೀತನಾ ಬಂದದ" ಎಂದರು.

ಗೊರವಯ್ಯ ಅವರನ್ನು ನೋಡಿದ, ತಾಟನ್ನು ನೋಡಿದ. ಫುಟ್‌ಪಾತಿನ ಮೇಲೆ ಕಂಬಳಿ ಹಾಸಿ ದೋಣಿ ಇಟ್ಟ. ಸುಲಭಾಬಾಯಿ ಅವನ ಕಾಲಿಗೆ ನೀರು ಹಾಕಲು ಅತ್ತಿತ್ತ ನೋಡಿದಾಗ ರಿಕ್ಷಾದವನೊಬ್ಬ ತನ್ನ ಬಾಟಲಿ ಚಾಚಿದ. ಬಾಳೆಹಣ್ಣು, ಬೆಲ್ಲ, ಹಾಲು ಬಿದ್ದು ದೋಣಿ ಅಂಚಿನವರೆಗೆ ತುಂಬಿತು. "ಏಳು ಕೋಟಿ, ಏಳು ಕೋಟಿ" ಎಂದು ಮೈಲಾರನ ಘೋಷ ಹಾಕಿ ಗೊರವಯ್ಯ ಇಬ್ಬರ ಹಣೆಗೂ ಭಂಡಾರ ಹಚ್ಚಿದ. ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಅವನು ಜೇಜುರಿಯ ದಾರಿ ಹಿಡಿದ.

ದಂಪತಿ ಗೇಟಿಗೆ ಬಂದರು. ಅಂಬಾದಾಸ ಎದ್ದು ನಿಂತ. ಅವನ ಮುಖದಲ್ಲಿ ಸಂಕಟ.

"ಸಾಹೇಬ, ಕೋಡು?"

ಫೋನು ಮೇಲೆ ಮನೆಯಲ್ಲೇ, ಮೇಜಿನ ಮೇಲೆ ಉಳಿದಿತ್ತು.

"ಬಿಡಲ್ಲ ಅಂತಲ್ಲ ಸಾಹೇಬ. ಕ್ಯಾಮೆರಾ ನೋಡತದ. ಹೋದ ವಾರ ಜೋಶಿಯವರನ್ನ ಹಂಗ ಬಿಟ್ಟಾಗ ನೀವೇ ನನಗ ಮೆಮೊ ಕೊಟ್ಟಿದ್ರಿ."

"ಕೊಟ್ಟಿದ್ದೆ" ಎಂದರು ರಾಯರು, ಸಣ್ಣ ದನಿಯಲ್ಲಿ.

ಸುಲಭಾಬಾಯಿ ಅಂಬಾದಾಸನ ಬೆಂಚಿನ ಮೇಲೆ ಕೂತು ರೊಟ್ಟಿ ಮುರಿದರು. ಮೊದಲ ತುತ್ತು ಬಾಯಿಗಿಟ್ಟಾಗ ಕಣ್ಣು ತಾನಾಗಿ ಮುಚ್ಚಿತು. ಆಮೇಲೆ ಅಂಬಾದಾಸನಿಗೊಂದು ರೊಟ್ಟಿ, ಗಂಡನಿಗೊಂದು ರೊಟ್ಟಿ ಕೊಟ್ಟರು. ಅಂಬಾದಾಸ ಎಡಗೈಯಲ್ಲಿ ರೊಟ್ಟಿ ಹಿಡಿದು, ಬಲಗೈಯಲ್ಲಿ ಆ್ಯಪ್ ತೆರೆದ.

"ಅತಿಥಿ ಅಂತ ಹಾಕತೇನಿ ಸಾಹೇಬ. ಯಾರನ್ನ ಭೇಟಿ ಆಗಬೇಕು?"

ಬಾಯಿತುಂಬ ಭರ್ತವಿದ್ದ ಪ್ರಲ್ಹಾದರಾಯರು ಹೆಂಡತಿಯ ಕಡೆ ಬೊಟ್ಟು ಮಾಡಿದರು.

"ಊಟ ಮುಗೀಲಿ" ಎಂದರು ಸುಲಭಾಬಾಯಿ, ಅವರಿಗೆ ಬೆಂಚಿನ ಮೇಲೆ ಜಾಗ ಮಾಡಿಕೊಡುತ್ತ. "ಆಮ್ಯಾಲ ವಿಚಾರ ಮಾಡತೇನಿ."